ಎಲ್ಕ್ ಬೇಟೆಗೆ ತಕ್ಕ ರೈಫಲ್: ಗುಂಡಿನ ಗಾತ್ರವನ್ನು ಆರಿಸುವ ಬಗೆ

ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ ಚಾಚಿಕೊಂಡಿರುವ ರಾಕಿ ಪರ್ವತಶ್ರೇಣಿಯ ಕಾಡುಗಳಲ್ಲಿಯೂ ಹುಲ್ಲುಗಾವಲುಗಳಲ್ಲಿಯೂ ಎಲ್ಕ್ ಎಂಬ ದೊಡ್ಡ ಜಿಂಕೆಯು ಮಂದೆ ಕಟ್ಟಿಕೊಂಡು ಬಾಳುತ್ತದೆ. ಪ್ರತಿ ವರ್ಷ ಶರತ್ಕಾಲದಲ್ಲಿ ಕೊಲರಾಡೊ, ವಯೋಮಿಂಗ್, ಮೊಂಟಾನಾ ಮೊದಲಾದ ಸಂಸ್ಥಾನಗಳ ಸರ್ಕಾರಗಳು ಪರವಾನಗಿ ಪಡೆದವರಿಗೆ, ಗೊತ್ತುಮಾಡಿದ ದಿನಗಳಲ್ಲಿ ಮಾತ್ರ, ಈ ಪ್ರಾಣಿಯನ್ನು ಬೇಟೆಯಾಡಲು ಅನುಮತಿ ಕೊಡುತ್ತವೆ. ಆ ಬೇಟೆಗೆ ಎಂತಹ ರೈಫಲ್ ತಕ್ಕದ್ದು, ಅದರ ಗುಂಡು ಎಷ್ಟು ದಪ್ಪವಿರಬೇಕು ಎಂಬ ವಾದವು ಅಲ್ಲಿನ ಬೇಟೆಗಾರರಲ್ಲಿ ನೂರು ವರ್ಷಗಳಿಂದಲೂ ನಡೆದುಬಂದಿದೆ.

ಮೇಲುನೋಟಕ್ಕೆ ಇದು ಕೋವಿಯಂಗಡಿಯಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆಯೆಂದು ತೋರಬಹುದು. ಆದರೆ ಇದರೊಳಗೆ ಭೌತಶಾಸ್ತ್ರದ ಹಲವು ನಿಯಮಗಳೂ, ಪ್ರಾಣಿದೇಹದ ರಚನೆಯ ತಿಳಿವಳಿಕೆಯೂ, ಅವೆರಡಕ್ಕಿಂತ ಮಿಗಿಲಾಗಿ ಒಂದು ಹೊಣೆಗಾರಿಕೆಯೂ ಅಡಗಿವೆ. ಆಯ್ಕೆ ಸರಿಯಾಗಿದ್ದು ಗುರಿಯೂ ಸರಿಯಾಗಿದ್ದರೆ ಪ್ರಾಣಿಯು ಕೆಲವು ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಿ ಸಾಯುತ್ತದೆ. ತಪ್ಪಿದರೆ ಗಾಯಗೊಂಡ ಪ್ರಾಣಿಯು ಬೆಟ್ಟ ಕಣಿವೆಗಳನ್ನು ದಾಟಿ ಓಡಿ, ಯಾರ ಕಣ್ಣಿಗೂ ಬೀಳದೆ ಎಲ್ಲೋ ಒಂದೆಡೆ ದಿನಗಟ್ಟಲೆ ನರಳಿ ಸಾಯಬಹುದು. ಈ ಎರಡು ಸಾವುಗಳ ನಡುವಣ ವ್ಯತ್ಯಾಸವನ್ನು ನಿರ್ಧರಿಸುವ ಸಂಗತಿಗಳು ಯಾವುವು ಎಂಬುದನ್ನು ನಾವು ಈ ಲೇಖನದಲ್ಲಿ ಪರಿಶೀಲಿಸೋಣ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಮಲೆನಾಡಿನ ಕಡವೆಯಾಗಲಿ, ಎಲ್ಕ್‌ನ ಹತ್ತಿರದ ಬಂಧುವಾದ ಕಾಶ್ಮೀರದ ಹಂಗುಲ್ ಆಗಲಿ ಇಂದು ರಕ್ಷಿತ ಪ್ರಾಣಿಗಳು. ಆದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಇದು ಬೇಟೆಯ ಪಾಠವಲ್ಲ. ಚಲನಶಕ್ತಿ, ಸಂವೇಗ, ವಾಯುವಿನ ತಡೆ ಮೊದಲಾದ ವಿಷಯಗಳು ಜೀವವೊಂದರ ಅಳಿವುಳಿವಿನಲ್ಲಿ ಹೇಗೆ ಕೂಡಿಕೊಳ್ಳುತ್ತವೆ ಎಂಬುದನ್ನು ತೋರಿಸುವ ನಿದರ್ಶನ. ಬೇಟೆಯೇ ಸಲ್ಲದೆಂಬ ಅಭಿಪ್ರಾಯ ನಮ್ಮಲ್ಲಿ ಬಹು ಹಿಂದಿನದು. ಆ ವಾದವನ್ನು ನಾವು ಇಲ್ಲಿ ತೀರ್ಮಾನಿಸಲು ಹೊರಟಿಲ್ಲ. ಆದರೆ ಬೇಟೆಗೆ ಅನುಮತಿಯಿರುವ ನಾಡಿನಲ್ಲಿ ಬೇಟೆಗಾರನು ಪ್ರಾಣಿಗೆ ಏನನ್ನು ಸಲ್ಲಿಸಬೇಕು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಎಲ್ಕ್‌ನ ಪರಿಚಯ

ಎಲ್ಕ್‌ಗೆ ‘ವಾಪಿಟಿ’ ಎಂಬ ಇನ್ನೊಂದು ಹೆಸರುಂಟು. ಅಮೆರಿಕದ ಮೂಲನಿವಾಸಿಗಳ ಭಾಷೆಯಿಂದ ಬಂದ ಈ ಪದಕ್ಕೆ ‘ಬಿಳಿಯ ಹಿಂಭಾಗವುಳ್ಳದ್ದು’ ಎಂದರ್ಥ. ಯೂರೋಪಿನಲ್ಲಿ ‘ಎಲ್ಕ್’ ಎಂದು ಕರೆಯುವುದು ಮೂಸ್ ಎಂಬ ಬೇರೊಂದು ಪ್ರಾಣಿಯನ್ನು. ಈ ಗೊಂದಲವನ್ನು ಓದುಗರು ನೆನಪಿನಲ್ಲಿಡಬೇಕು. ರಾಕಿ ಪರ್ವತಗಳ ಬಲಿತ ಗಂಡು ಎಲ್ಕ್ ಸುಮಾರು 320 ಕಿಲೋಗ್ರಾಂ ತೂಗುತ್ತದೆ. ಹೆಣ್ಣು ಸುಮಾರು 225 ಕಿಲೋಗ್ರಾಂ. ಗಂಡಿನ ಎತ್ತರ ಭುಜದವರೆಗೆ ಸುಮಾರು ಒಂದೂವರೆ ಮೀಟರು. ನಮ್ಮ ಬಲಿತ ಗಂಡು ಕಡವೆಯು 200 ಕಿಲೋಗ್ರಾಂ ಮೀರುವುದುಂಟು. ಅದಕ್ಕಿಂತಲೂ ದೊಡ್ಡದಾದ, ದಪ್ಪ ಚರ್ಮದ, ಗಟ್ಟಿ ಮೂಳೆಯ ಒಂದು ಜಿಂಕೆಯನ್ನು ಊಹಿಸಿಕೊಂಡರೆ ಎಲ್ಕ್‌ನ ಚಿತ್ರ ದೊರೆಯುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಮಿತಿಯಿಲ್ಲದ ಬೇಟೆಯಿಂದಲೂ, ಹುಲ್ಲುಗಾವಲುಗಳು ಕೃಷಿಗೆ ಒಳಗಾದುದರಿಂದಲೂ ಉತ್ತರ ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಕಡಿಮೆ ಎಲ್ಕ್‌ಗಳು ಉಳಿದಿದ್ದವು. ಇಂದು ಅವುಗಳ ಸಂಖ್ಯೆ ಸುಮಾರು ಹತ್ತು ಲಕ್ಷ. ಈ ಚೇತರಿಕೆಗೆ ಕಟ್ಟುನಿಟ್ಟಾದ ಕಾನೂನುಗಳೇ ಮುಖ್ಯ ಕಾರಣ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯು ರೈಫಲ್‌ಗಳ ಮೇಲೂ ತೋಟಾಗಳ ಮೇಲೂ ವಿಧಿಸುವ ತೆರಿಗೆಯ ಹಣವನ್ನು ವನ್ಯಜೀವಿಗಳ ಪುನರುಜ್ಜೀವನಕ್ಕೆ ಮೀಸಲಿಟ್ಟಿತು. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮೊದಲಾದವರು ಸ್ಥಾಪಿಸಿದ ಬೂನ್ ಮತ್ತು ಕ್ರಾಕೆಟ್ ಕ್ಲಬ್ಬು, ಪ್ರಾಣಿಗೆ ತಪ್ಪಿಸಿಕೊಳ್ಳಲು ನ್ಯಾಯವಾದ ಅವಕಾಶವಿರಬೇಕೆಂಬ ತತ್ತ್ವವನ್ನು ಬೇಟೆಗಾರರಲ್ಲಿ ಪ್ರಚಾರಮಾಡಿತು. ತಕ್ಕ ಗುಂಡನ್ನು ಆರಿಸುವ ಕರ್ತವ್ಯವೂ ಇದೇ ನೀತಿಗೆ ಸೇರಿದ್ದು.

ಗುಂಡು ಕೊಲ್ಲುವುದು ಹೇಗೆ?

ಗುಂಡಿನ ಹೊಡೆತಕ್ಕೆ ಪ್ರಾಣಿಯು ಹಿಂದಕ್ಕೆ ಹಾರಿ ಬೀಳುವುದನ್ನು ಚಲನಚಿತ್ರಗಳಲ್ಲಿ ನಾವು ನೋಡಿರುತ್ತೇವೆ. ಇದು ನಿಜವೇ? ಸಂವೇಗದ ನಿಯಮವನ್ನು ಬಳಸಿ ಪರೀಕ್ಷಿಸೋಣ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ ದೊರೆಯುತ್ತದೆ. 11.7 ಗ್ರಾಂ ತೂಕದ ಗುಂಡು ಸೆಕೆಂಡಿಗೆ 823 ಮೀಟರು ವೇಗದಲ್ಲಿದ್ದರೆ ಅದರ ಸಂವೇಗ ಸುಮಾರು 9.6 ಕಿಲೋಗ್ರಾಂ-ಮೀಟರು ಪ್ರತಿ ಸೆಕೆಂಡಿಗೆ. ಅದೆಲ್ಲವೂ 320 ಕಿಲೋಗ್ರಾಂ ತೂಗುವ ಎಲ್ಕ್‌ಗೆ ವರ್ಗವಾದರೂ ಪ್ರಾಣಿಗೆ ಬರುವ ವೇಗ ಸೆಕೆಂಡಿಗೆ 3 ಸೆಂಟಿಮೀಟರು ಮಾತ್ರ! ಇಷ್ಟು ಅಲ್ಪ ವೇಗವು ಇಂತಹ ಪ್ರಾಣಿಯನ್ನು ಕೆಡವಲಾರದು. ಗುಂಡಿನ ‘ಹೊಡೆದು ಕೆಡಹುವ ಶಕ್ತಿ’ಯೆಂಬ ಮಾತಿಗೆ ಭೌತಶಾಸ್ತ್ರದಲ್ಲಿ ಆಧಾರವಿಲ್ಲ.

ಹಾಗಾದರೆ ಪ್ರಾಣಿ ಸಾಯುವುದು ಹೇಗೆ? ಗುಂಡು ದೇಹವನ್ನು ಹೊಕ್ಕು ಶ್ವಾಸಕೋಶ, ಹೃದಯ, ದೊಡ್ಡ ರಕ್ತನಾಳಗಳು ಇವುಗಳನ್ನು ಹರಿಯುತ್ತದೆ. ರಕ್ತದ ಒತ್ತಡ ಒಮ್ಮೆಲೇ ಕುಸಿಯುತ್ತದೆ. ಮಿದುಳಿಗೆ ರಕ್ತ ನಿಂತ ಮೇಲೆ ಅದರಲ್ಲಿ ಉಳಿದಿರುವ ಆಮ್ಲಜನಕ ಹತ್ತು ಹದಿನೈದು ಸೆಕೆಂಡುಗಳಿಗೆ ಮಾತ್ರ ಸಾಕಾಗುತ್ತದೆ. ಆ ಬಳಿಕ ಪ್ರಜ್ಞೆ ತಪ್ಪುತ್ತದೆ. ಆ ಕೆಲವು ಸೆಕೆಂಡುಗಳಲ್ಲಿಯೂ ಎಲ್ಕ್ ನೂರು ಮೀಟರು ಓಡಬಲ್ಲದು. ಆದುದರಿಂದ ಪ್ರಾಣಿ ಓಡಿಹೋಯಿತೆಂದ ಮಾತ್ರಕ್ಕೆ ಗುರಿ ತಪ್ಪಿತೆಂದು ತಿಳಿಯಬಾರದು. ರಕ್ತದ ಕಲೆಗಳನ್ನೂ ಗೊರಸಿನ ಗುರುತನ್ನೂ ಹಿಡಿದು ಹುಡುಕಿಕೊಂಡು ಹೋಗುವುದು ಬೇಟೆಗಾರನ ಕರ್ತವ್ಯ. ಕೊಲರಾಡೊದಲ್ಲಿ ಇದು ಕಾನೂನಿನ ಕಟ್ಟಳೆಯೂ ಹೌದು.

ಹೃದಯ–ಶ್ವಾಸಕೋಶಗಳಿರುವ ಈ ಮರ್ಮಸ್ಥಾನವು ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಅರ್ಧ ಭಾಗದಲ್ಲಿದೆ. ಪಕ್ಕದಿಂದ ನೋಡಿದಾಗ ಅದರ ವ್ಯಾಸ ಒಂದು ಅಡಿಗಿಂತ ಸ್ವಲ್ಪ ಹೆಚ್ಚು. ಗುಂಡು ಅದಕ್ಕಿಂತ ಹಿಂದೆ ಹೊಟ್ಟೆಗೆ ತಗಲಿದರೆ ಅಥವಾ ಕೆಳಗೆ ಕಾಲಿನ ಮೂಳೆಗೆ ತಗಲಿದರೆ, ಎಷ್ಟು ದಪ್ಪ ಗುಂಡಾದರೂ ಪ್ರಾಣಿ ಒಡನೆಯೇ ಸಾಯುವುದಿಲ್ಲ. ನಮ್ಮ ವಿಚಾರಕ್ಕೆಲ್ಲ ಅಡಿಗಲ್ಲು ಇದೇ: ಗುಂಡು ಮರ್ಮಸ್ಥಾನವನ್ನು ಮುಟ್ಟಬೇಕು, ಮುಟ್ಟಿದ ಮೇಲೆ ಸಾಕಷ್ಟು ಆಳಕ್ಕೆ ಇಳಿದು ಅಗಲವಾದ ಗಾಯವನ್ನು ಮಾಡಬೇಕು.

ಕ್ಯಾಲಿಬರ್ ಎಂದರೇನು?

ರೈಫಲ್‌ನ ನಳಿಗೆಯ ಒಳಮೈಯಲ್ಲಿ ಸುರುಳಿಯಾದ ಗೀರುಗಳಿರುತ್ತವೆ. ಈ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಅದು ತೂರಾಡದೆ ನೇರವಾಗಿ ಸಾಗುತ್ತದೆ. ನಳಿಗೆಯ ಅಥವಾ ಗುಂಡಿನ ವ್ಯಾಸವನ್ನೇ ಕ್ಯಾಲಿಬರ್ ಎನ್ನುತ್ತಾರೆ. ಅಮೆರಿಕದಲ್ಲಿ ಇದನ್ನು ಅಂಗುಲದ ಭಾಗಗಳಲ್ಲಿ ಹೇಳುವುದು ರೂಢಿ. ‘.30’ ಎಂದರೆ ಅಂಗುಲದ ನೂರರಲ್ಲಿ ಮೂವತ್ತು ಪಾಲು.

ಆದರೆ ಹೆಸರನ್ನು ಕಂಡು ಮೋಸಹೋಗಬಾರದು. ‘.30-06 ಸ್ಪ್ರಿಂಗ್‌ಫೀಲ್ಡ್’ ಎಂಬ ಹೆಸರಿನಲ್ಲಿ 06 ಎಂಬುದು ಅಮೆರಿಕದ ಸೈನ್ಯವು ಆ ತೋಟಾವನ್ನು ಬಳಕೆಗೆ ತಂದ 1906ನೆಯ ಇಸವಿಯನ್ನು ಸೂಚಿಸುತ್ತದೆ. ‘.270 ವಿಂಚೆಸ್ಟರ್’ನ ಗುಂಡಿನ ನಿಜವಾದ ವ್ಯಾಸ .277 ಅಂಗುಲ. ಇನ್ನೂ ಮುಖ್ಯವಾದ ಮಾತೆಂದರೆ, .30-30 (1895), .30-06 (1906), .308 ವಿಂಚೆಸ್ಟರ್ (1952), .300 ವಿಂಚೆಸ್ಟರ್ ಮ್ಯಾಗ್ನಮ್ (1963) ಈ ನಾಲ್ಕರ ಗುಂಡುಗಳ ವ್ಯಾಸವೂ ಒಂದೇ, .308 ಅಂಗುಲ, ಎಂದರೆ 7.8 ಮಿಲಿಮೀಟರು. ವ್ಯತ್ಯಾಸವಿರುವುದು ಹಿತ್ತಾಳೆಯ ತೋಟಾದಲ್ಲಿ ಹಿಡಿಯುವ ಮದ್ದಿನ ಪ್ರಮಾಣದಲ್ಲಿ, ಅದರಿಂದಾಗಿ ಗುಂಡಿನ ವೇಗದಲ್ಲಿ. .30-30ರ ಗುಂಡು ನಳಿಗೆಯ ತುದಿಯಲ್ಲಿ ಸುಮಾರು 2,500 ಜೂಲ್ ಶಕ್ತಿಯನ್ನು ಹೊಂದಿದ್ದರೆ .300 ಮ್ಯಾಗ್ನಮ್‌ನ ಗುಂಡು ಸುಮಾರು 4,700 ಜೂಲ್ ಶಕ್ತಿಯನ್ನು ಹೊಂದಿರುತ್ತದೆ. ಕ್ಯಾಲಿಬರ್ ಒಂದೇ ಆದರೂ ಶಕ್ತಿ ಸುಮಾರು ಎರಡು ಪಟ್ಟು!

ತೂಕವೋ, ವೇಗವೋ?

ದಪ್ಪ ಗುಂಡೇ ಬಲವಾದ ಗುಂಡು ಎಂಬ ನಂಬಿಕೆ ಹುಟ್ಟಿದ್ದಕ್ಕೆ ಐತಿಹಾಸಿಕ ಕಾರಣವಿದೆ. ಹಿಂದಿನ ಕರಿಮದ್ದು ಗುಂಡಿಗೆ ಹೆಚ್ಚು ವೇಗವನ್ನು ಕೊಡಲಾರದು. ಆದುದರಿಂದ ಬಲ ಬೇಕಾದವರು ಗುಂಡಿನ ದಪ್ಪವನ್ನೂ ತೂಕವನ್ನೂ ಹೆಚ್ಚಿಸಬೇಕಾಗಿತ್ತು. 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ .45-70 ತೋಟಾದ ಗುಂಡು 11.6 ಮಿಲಿಮೀಟರು ದಪ್ಪ, 26 ಗ್ರಾಂ ತೂಕ. ವೇಗ ಮಾತ್ರ ಸೆಕೆಂಡಿಗೆ ಸುಮಾರು 410 ಮೀಟರು. 1884ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಪರಿಸ್ಥಿತಿ ಬದಲಾಯಿತು. 1925ರ .270 ವಿಂಚೆಸ್ಟರ್ ಗುಂಡಿನ ತೂಕ 8.4 ಗ್ರಾಂ ಮಾತ್ರ; ಆದರೆ ಅದರ ವೇಗ ಸೆಕೆಂಡಿಗೆ 933 ಮೀಟರು.

ಚಲನಶಕ್ತಿಯು ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಲೆಕ್ಕಮಾಡಿದರೆ .45-70ಕ್ಕೆ ಸುಮಾರು 2,200 ಜೂಲ್, .270ಕ್ಕೆ ಸುಮಾರು 3,660 ಜೂಲ್ ಬರುತ್ತದೆ. ತೂಕ ಮೂರರಲ್ಲೊಂದು ಪಾಲಿಗೆ ಇಳಿದರೂ ಶಕ್ತಿ ಹೆಚ್ಚಿತು! ಆದರೆ ಸಂವೇಗದ ಲೆಕ್ಕದಲ್ಲಿ .45-70ಕ್ಕೆ 10.7, .270ಕ್ಕೆ 7.8, ಇಲ್ಲಿ ಹಳೆಯ ಗುಂಡೇ ಮುಂದು. ಒಂದೇ ಅಳತೆಯಿಂದ ಗುಂಡಿನ ಯೋಗ್ಯತೆಯನ್ನು ನಿರ್ಣಯಿಸಲಾಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಅಮೆರಿಕದ ಬೇಟೆಯ ಪತ್ರಿಕೆಗಳಲ್ಲಿ ಇಬ್ಬರು ಲೇಖಕರು ಈ ವಿಷಯದಲ್ಲಿ ಎದುರುಬದುರಾದರು. ಹಿಂದೆ ಅರಿಜೋನಾ ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮದ ಅಧ್ಯಾಪಕನಾಗಿದ್ದ ಜ್ಯಾಕ್ ಓ’ಕಾನರ್ (1902–1978), .270ರಂತಹ ವೇಗದ ಹಗುರ ಗುಂಡನ್ನು ಸರಿಯಾದ ಸ್ಥಳಕ್ಕೆ ಹೊಡೆಯುವುದೇ ಮುಖ್ಯವೆಂದ. ಐಡಹೊ ಸಂಸ್ಥಾನದ ಎಲ್ಮರ್ ಕೀತ್ (1899–1984), ಪ್ರಾಣಿ ಯಾವ ಕೋನದಲ್ಲಿ ನಿಂತಿದ್ದರೂ ಮೂಳೆಯನ್ನು ಭೇದಿಸಿ ಒಳಹೋಗುವ ದಪ್ಪನೆಯ ಭಾರದ ಗುಂಡೇ ಬೇಕೆಂದ. ಪ್ರಾಣಿ ನಮ್ಮ ಕಡೆಗೆ ಪಕ್ಕವನ್ನು ಕೊಟ್ಟು ನಿಂತಿದ್ದರೆ ಗುಂಡು ಪಕ್ಕೆಲುಬುಗಳ ನಡುವೆ ಸುಲಭವಾಗಿ ಒಳಹೋಗುತ್ತದೆ. ಓರೆಯಾಗಿ ನಿಂತಿದ್ದರೆ ಭುಜದ ಮೂಳೆಯನ್ನೋ ಹುಲ್ಲು ತುಂಬಿದ ಹೊಟ್ಟೆಯನ್ನೋ ದಾಟಿ ಹೋಗಬೇಕು. ಆದುದರಿಂದ ಕೀತನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಓರೆಯಾಗಿ ನಿಂತ ಪ್ರಾಣಿಗೆ ಗುಂಡು ಹಾರಿಸದೆ ಕಾಯುವುದೂ ಬೇಟೆಗಾರನ ಕೈಯಲ್ಲೇ ಇದೆ ಎಂಬುದನ್ನು ಮರೆಯಬಾರದು.

ದೂರ ಹೆಚ್ಚಿದಂತೆ

ಇದುವರೆಗೆ ಹೇಳಿದ್ದೆಲ್ಲ ನಳಿಗೆಯ ತುದಿಯಲ್ಲಿನ ಲೆಕ್ಕ. ಆದರೆ ಎಲ್ಕ್ ನಿಂತಿರುವುದು ನೂರಾರು ಗಜ ದೂರದಲ್ಲಿ. ಗುಂಡಿನ ಮೇಲೆ ಗಾಳಿಯ ತಡೆ ಎಷ್ಟಿದೆಯೆಂಬುದನ್ನು ಮೊದಲು ಪ್ರಯೋಗದಿಂದ ತೋರಿಸಿಕೊಟ್ಟವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ಓಲಾಡಿತೆಂಬುದರಿಂದ ಗುಂಡಿನ ವೇಗವನ್ನು ಅಳೆಯುವ ಉಪಾಯವನ್ನು ಅವನು 1742ರ ತನ್ನ ಗ್ರಂಥದಲ್ಲಿ ವಿವರಿಸಿದ. ದಿಮ್ಮಿಯನ್ನು ಹತ್ತಿರದಲ್ಲೂ ದೂರದಲ್ಲೂ ಇಟ್ಟು ನೋಡಿದರೆ ವೇಗ ಎಷ್ಟು ಕುಂದಿತೆಂಬುದು ತಿಳಿಯುತ್ತದೆ.

ಗುಂಡಿನ ಆಕಾರ ಇಲ್ಲಿ ಬಹಳ ಮುಖ್ಯ. 180 ಗ್ರೇನ್, ಎಂದರೆ 11.7 ಗ್ರಾಂ ತೂಕದ ಎರಡು .30-06 ಗುಂಡುಗಳನ್ನು ತೆಗೆದುಕೊಳ್ಳೋಣ. ಎರಡೂ ಸೆಕೆಂಡಿಗೆ 823 ಮೀಟರು ವೇಗದಲ್ಲಿ ಹೊರಡುತ್ತವೆ. ಎರಡರ ಶಕ್ತಿಯೂ ಸುಮಾರು 3,950 ಜೂಲ್. ಒಂದರ ಮೂತಿ ಮೊಂಡು, ಇನ್ನೊಂದರದು ಚೂಪು. 300 ಗಜ ದೂರವನ್ನು ತಲಪುವ ಹೊತ್ತಿಗೆ ಮೊಂಡುಗುಂಡಿನಲ್ಲಿ ಸುಮಾರು 1,600 ಜೂಲ್ ಉಳಿದರೆ ಚೂಪುಗುಂಡಿನಲ್ಲಿ ಸುಮಾರು 2,480 ಜೂಲ್ ಉಳಿಯುತ್ತದೆ. ಕ್ಯಾಲಿಬರ್, ತೂಕ, ಹೊರಟ ವೇಗ ಎಲ್ಲವೂ ಒಂದೇ ಆಗಿದ್ದರೂ ಆಕಾರದಿಂದಲೇ ಇಷ್ಟು ಅಂತರ!

ಎಲ್ಕ್‌ಗೆ ತಗಲುವಾಗ ಗುಂಡಿನಲ್ಲಿ ಕನಿಷ್ಠ 1,500 ಅಡಿ-ಪೌಂಡು, ಎಂದರೆ ಸುಮಾರು 2,000 ಜೂಲ್ ಉಳಿದಿರಬೇಕೆಂಬುದು ಅಮೆರಿಕದ ಬೇಟೆಗಾರರಲ್ಲಿ ರೂಢಿಯಲ್ಲಿರುವ ಸೂತ್ರ. ಇದು ಪ್ರಕೃತಿನಿಯಮವಲ್ಲ, ಅನುಭವದ ಲೆಕ್ಕ. ಆದರೂ ಹೋಲಿಸಿ ನೋಡಲು ಉಪಯುಕ್ತ. ಇದರಂತೆ ಮೇಲಿನ ಮೊಂಡುಗುಂಡು 300 ಗಜಕ್ಕೆ ಮುನ್ನವೇ ಅಯೋಗ್ಯವಾಗುತ್ತದೆ. ಚೂಪುಗುಂಡು 400 ಗಜದಲ್ಲಿಯೂ ಸುಮಾರು 2,100 ಜೂಲ್ ಉಳಿಸಿಕೊಂಡಿರುತ್ತದೆ. ಇನ್ನು .243 ವಿಂಚೆಸ್ಟರ್‌ನ 6.5 ಗ್ರಾಂ ಗುಂಡಿನಲ್ಲಿ 300 ಗಜದ ಹೊತ್ತಿಗೆ ಉಳಿಯುವುದು ಸುಮಾರು 1,480 ಜೂಲ್ ಮಾತ್ರ.

ಕಾಲವನ್ನೂ ಗಮನಿಸಬೇಕು. ಚೂಪುಗುಂಡು 300 ಗಜ ಕ್ರಮಿಸಲು ಸುಮಾರು 0.37 ಸೆಕೆಂಡು ಹಿಡಿಯುತ್ತದೆ. ಎಲ್ಕ್ ಸೆಕೆಂಡಿಗೆ ಒಂದೂವರೆ ಮೀಟರಿನಂತೆ ನಿಧಾನವಾಗಿ ಹೆಜ್ಜೆಯಿಡುತ್ತಿದ್ದರೂ ಅಷ್ಟರಲ್ಲಿ ಅರ್ಧ ಮೀಟರಿಗೂ ಹೆಚ್ಚು ಮುಂದೆ ಸರಿದಿರುತ್ತದೆ. ಎದೆಗೆ ಇಟ್ಟ ಗುರಿ ಹೊಟ್ಟೆಗೆ ತಗಲಲು ಇಷ್ಟು ಸಾಕು! ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿಯೊಂದು ಅದೇ ದೂರದಲ್ಲಿ ಗುಂಡನ್ನು ಆರೇಳು ಅಂಗುಲ ಪಕ್ಕಕ್ಕೆ ತಳ್ಳುತ್ತದೆ. ಯಾವ ಕ್ಯಾಲಿಬರೂ ಈ ತೊಡಕುಗಳಿಂದ ಸಂಪೂರ್ಣವಾಗಿ ಬಿಡುಗಡೆ ಕೊಡಲಾರದು.

ಗುಂಡಿನ ಒಳರಚನೆ

ಬೇಟೆಯ ಗುಂಡು ಸಾಮಾನ್ಯವಾಗಿ ಸೀಸದ ತಿರುಳು, ತಾಮ್ರದ ಹೊದಿಕೆ ಇವುಗಳಿಂದ ಕೂಡಿರುತ್ತದೆ. ದೇಹವನ್ನು ಹೊಕ್ಕೊಡನೆ ಅದರ ಮೂತಿ ಅಣಬೆಯಂತೆ ಅರಳಿ ಗಾಯವನ್ನು ಅಗಲಮಾಡುತ್ತದೆ. ಅರಳದ ಗುಂಡು ಸಣ್ಣ ರಂಧ್ರ ಕೊರೆದು ಹೊರಟುಹೋಗುತ್ತದೆ. ಅತಿಯಾಗಿ ಅರಳಿ ಚೂರಾದ ಗುಂಡು ಮೇಲುಮೇಲೆ ಗಾಯಮಾಡಿ ನಿಲ್ಲುತ್ತದೆ. ಅಗಲವೂ ಆಳವೂ ಎರಡೂ ಬೇಕಾದುದರಿಂದ ಗುಂಡನ್ನು ರೂಪಿಸುವುದು ಸುಲಭವಲ್ಲ.

1946ರಲ್ಲಿ ಜಾನ್ ನೋಸ್ಲರ್ ಎಂಬಾತ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ದ. ಅವನ ರೈಫಲ್ ಶಕ್ತಿಯುತವಾದದ್ದೇ. ಆದರೆ ಒಣಗಿದ ಕೆಸರು ಮೆತ್ತಿದ್ದ ಮೂಸ್‌ನ ಮೈಯನ್ನು ತಗಲಿದ ಗುಂಡುಗಳು ಮೇಲ್ಭಾಗದಲ್ಲೇ ಒಡೆದು ಆಳಕ್ಕೆ ಇಳಿಯದೆ ಹೋದವು. ಇದರಿಂದ ಅವನು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯೊಂದನ್ನು ಇಟ್ಟು, ಮುಂದಿನ ಅರ್ಧ ಅರಳಿದರೂ ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಹೋಗುವಂತೆ ಮಾಡಿದ. 1948ರಲ್ಲಿ ಮಾರುಕಟ್ಟೆಗೆ ಬಂದ ಈ ‘ಪಾರ್ಟಿಷನ್’ ಗುಂಡು ಇಂದಿಗೂ ಬಳಕೆಯಲ್ಲಿದೆ. ಶಕ್ತಿ ಸಾಲದೆ ಮಾತ್ರವಲ್ಲ, ಶಕ್ತಿಯನ್ನು ತಾಳಿಕೊಳ್ಳುವ ರಚನೆ ಇಲ್ಲದೆಯೂ ಗುಂಡು ವಿಫಲವಾಗಬಹುದೆಂಬುದಕ್ಕೆ ಇದೇ ಸಾಕ್ಷಿ.

1989ರಲ್ಲಿ ಬಾರ್ನ್ಸ್ ಕಂಪೆನಿಯು ಸೀಸವೇ ಇಲ್ಲದ, ಒಂದೇ ತಾಮ್ರದ ತುಂಡಿನಿಂದ ಮಾಡಿದ ಗುಂಡನ್ನು ತಂದಿತು. ಅದು ಚೂರಾಗದೆ ತನ್ನ ತೂಕವನ್ನು ಬಹುತೇಕ ಉಳಿಸಿಕೊಳ್ಳುವುದರಿಂದ ಹಗುರವಾದರೂ ಆಳಕ್ಕೆ ಇಳಿಯುತ್ತದೆ. ಇದರಲ್ಲಿ ಇನ್ನೊಂದು ಒಳಿತೂ ಇದೆ. ಬೇಟೆಗಾರರು ಕಾಡಿನಲ್ಲಿ ಬಿಟ್ಟುಬರುವ ಕರುಳು ಮೊದಲಾದವುಗಳಲ್ಲಿ ಸೀಸದ ಸಣ್ಣ ಚೂರುಗಳು ಉಳಿದು, ಅವನ್ನು ತಿಂದ ಕಾಂಡರ್ ಎಂಬ ದೊಡ್ಡ ರಣಹದ್ದುಗಳೂ ಗರುಡಗಳೂ ವಿಷವೇರಿ ಸಾಯುತ್ತವೆ. ಈ ಕಾರಣದಿಂದ ಕ್ಯಾಲಿಫೋರ್ನಿಯಾ ಸಂಸ್ಥಾನವು 2013ರಲ್ಲಿ ಶಾಸನ ಮಾಡಿ, 2019ರ ಜುಲೈ 1ರಿಂದ ಎಲ್ಲ ಬೇಟೆಯಲ್ಲಿಯೂ ಸೀಸದ ಗುಂಡುಗಳನ್ನು ನಿಷೇಧಿಸಿತು. ಬೇಟೆಗಾರನ ಹೊಣೆ ತಾನು ಹೊಡೆದ ಪ್ರಾಣಿಗೆ ಮಾತ್ರ ಮುಗಿಯುವುದಿಲ್ಲ.

ಕೋವಿಯ ಒದೆತ

ಹಾಗಿದ್ದರೆ ಎಲ್ಲರೂ ಅತ್ಯಂತ ಬಲವಾದ ರೈಫಲನ್ನೇ ಕೊಳ್ಳಬಾರದೇಕೆ? ಇದಕ್ಕೆ ನ್ಯೂಟನ್ನನ ಮೂರನೆಯ ನಿಯಮ ಉತ್ತರ ಕೊಡುತ್ತದೆ. ಗುಂಡೂ ಮದ್ದಿನ ಅನಿಲವೂ ಮುಂದಕ್ಕೆ ಪಡೆದಷ್ಟೇ ಸಂವೇಗವನ್ನು ಕೋವಿಯು ಹಿಂದಕ್ಕೆ ಪಡೆಯುತ್ತದೆ. ಈ ಒದೆತವನ್ನು ತಾಳಬೇಕಾದದ್ದು ಹೊಡೆಯುವವನ ಭುಜ. 3.6 ಕಿಲೋಗ್ರಾಂ ತೂಕದ ರೈಫಲ್‌ನಲ್ಲಿ ಒದೆತದ ಶಕ್ತಿ ಎಷ್ಟೆಂಬುದನ್ನೂ, ನಳಿಗೆಯ ತುದಿಯಲ್ಲಿ ಗುಂಡಿನ ಶಕ್ತಿ ಎಷ್ಟೆಂಬುದನ್ನೂ ಕೆಳಗೆ ಸ್ಥೂಲವಾಗಿ ಕೊಟ್ಟಿದ್ದೇವೆ.

.243 ವಿಂಚೆಸ್ಟರ್ (1955): ಗುಂಡಿನ ತೂಕ 6.5 ಗ್ರಾಂ, ಶಕ್ತಿ 2,640 ಜೂಲ್, ಒದೆತ 14 ಜೂಲ್.
.30-06 ಸ್ಪ್ರಿಂಗ್‌ಫೀಲ್ಡ್ (1906): ಗುಂಡಿನ ತೂಕ 11.7 ಗ್ರಾಂ, ಶಕ್ತಿ 3,950 ಜೂಲ್, ಒದೆತ 30 ಜೂಲ್.
.300 ವಿಂಚೆಸ್ಟರ್ ಮ್ಯಾಗ್ನಮ್ (1963): ಗುಂಡಿನ ತೂಕ 11.7 ಗ್ರಾಂ, ಶಕ್ತಿ 4,740 ಜೂಲ್, ಒದೆತ 40 ಜೂಲ್.
.338 ವಿಂಚೆಸ್ಟರ್ ಮ್ಯಾಗ್ನಮ್ (1958): ಗುಂಡಿನ ತೂಕ 14.6 ಗ್ರಾಂ, ಶಕ್ತಿ 5,300 ಜೂಲ್, ಒದೆತ 50 ಜೂಲ್.

.30-06ರಿಂದ .338ಕ್ಕೆ ಹೋದರೆ ಗುಂಡಿನ ಶಕ್ತಿ ಮೂರನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ; ಒದೆತವಾದರೋ ಮೂರನೆಯ ಎರಡು ಪಾಲಿನಷ್ಟು ಹೆಚ್ಚುತ್ತದೆ. ಬಲವಾದ ಒದೆತಕ್ಕೆ ಅಂಜಿದ ದೇಹವು ಟ್ರಿಗರ್ ಎಳೆಯುವ ಕ್ಷಣದಲ್ಲಿಯೇ ತನಗೆ ತಿಳಿಯದಂತೆ ಬೆಚ್ಚಿ ಬಿಗಿದುಕೊಳ್ಳುತ್ತದೆ. ಇದರ ಫಲವನ್ನು ಲೆಕ್ಕಹಾಕೋಣ. ಭುಜದಿಂದ ನಳಿಗೆಯ ತುದಿಗೆ ಸುಮಾರು ಒಂದು ಮೀಟರು ದೂರ. ಬೆಚ್ಚಿದಾಗ ಆ ತುದಿ ಕೇವಲ ಒಂದು ಮಿಲಿಮೀಟರು ಅಲುಗಿದರೆ ಕೋನವು ಸಾವಿರದಲ್ಲಿ ಒಂದು ಪಾಲಿನಷ್ಟು ಬದಲಾಗುತ್ತದೆ. 300 ಗಜವೆಂದರೆ 274 ಮೀಟರು. ಆದುದರಿಂದ ಅಲ್ಲಿ ಗುಂಡು 27 ಸೆಂಟಿಮೀಟರು, ಎಂದರೆ ಸುಮಾರು ಹನ್ನೊಂದು ಅಂಗುಲ ತಪ್ಪುತ್ತದೆ! ಮರ್ಮಸ್ಥಾನದ ನಡುವಿಗೆ ಇಟ್ಟ ಗುರಿ ಅದರ ಹೊರಗೆ ಬೀಳುತ್ತದೆ. ಹೆಚ್ಚಿದ ಸಾವಿರ ಜೂಲ್‌ಗಳು ಆಗ ಯಾವ ಉಪಯೋಗಕ್ಕೂ ಬಾರವು.

ಆಯ್ಕೆಯ ಕ್ರಮ

ಮೇಲಿನ ವಿಚಾರಗಳನ್ನು ಒಟ್ಟುಗೂಡಿಸಿದರೆ ಆಯ್ಕೆಗೆ ಒಂದು ಕ್ರಮ ದೊರೆಯುತ್ತದೆ. ಮೊದಲನೆಯದು ಕಾನೂನು. ಕೊಲರಾಡೊದಲ್ಲಿ ಎಲ್ಕ್ ಬೇಟೆಯ ರೈಫಲ್‌ನ ಕ್ಯಾಲಿಬರ್ .24ಕ್ಕಿಂತ ಕಡಿಮೆಯಿರಕೂಡದು, ಅರಳುವ ಗುಂಡನ್ನೇ ಬಳಸಬೇಕು, ಅದರ ತೂಕ 85 ಗ್ರೇನ್‌ಗೆ ಕಡಿಮೆಯಿರಬಾರದು, 100 ಗಜದಲ್ಲಿ ಕನಿಷ್ಠ 1,000 ಅಡಿ-ಪೌಂಡು, ಎಂದರೆ 1,356 ಜೂಲ್ ಶಕ್ತಿ ಉಳಿದಿರಬೇಕು. .243 ಈ ಕಟ್ಟಳೆಯೊಳಗೆ ಬರುತ್ತದೆ. ಆದರೆ ಕಾನೂನು ಹೇಳುವುದು ಕೆಳಗಿನ ಮಿತಿಯನ್ನು ಮಾತ್ರ; ಕಾನೂನು ಒಪ್ಪಿದ ರೈಫಲ್ ಎಲ್ಲ ದೂರಗಳಿಗೂ ನ್ಯಾಯವಾದದ್ದೆಂದು ಅರ್ಥವಲ್ಲ. .243 ಹಿಡಿದವನು ಸಮೀಪಕ್ಕೆ ಹೋಗಬೇಕು, ಪಕ್ಕಕೊಟ್ಟು ನಿಂತ ಪ್ರಾಣಿಗೆ ಮಾತ್ರ ಹೊಡೆಯಬೇಕು.

ಎರಡನೆಯದು ಗುಂಡಿನ ದೂರ. ಆರಿಸಿದ ಗುಂಡು ಎಷ್ಟು ಗಜದವರೆಗೆ ಸಾಕಷ್ಟು ಶಕ್ತಿಯನ್ನೂ, ಅರಳುವುದಕ್ಕೆ ಬೇಕಾದ ವೇಗವನ್ನೂ ಉಳಿಸಿಕೊಳ್ಳುತ್ತದೆ ಎಂಬುದನ್ನು ತಯಾರಕರ ಕೋಷ್ಟಕದಿಂದ ತಿಳಿಯಬಹುದು. ಮೂರನೆಯದು ಬೇಟೆಗಾರನ ದೂರ. ಮೇಜಿನ ಮೇಲೆ ಮರಳಿನ ಚೀಲವನ್ನಿಟ್ಟು ಹೊಡೆಯುವುದು ಬೇರೆ. ಬೆಟ್ಟ ಹತ್ತಿ ಏದುಸಿರು ಬಿಡುತ್ತ, ಮಂಡಿಯೂರಿ, ಚಳಿಯಲ್ಲಿ ಹೊಡೆಯುವುದು ಬೇರೆ. ಇಂತಹ ಸ್ಥಿತಿಯಲ್ಲಿ ಒಬ್ಬನ ಗುಂಡುಗಳೆಲ್ಲ 200 ಗಜದಲ್ಲಿ ಹತ್ತು ಅಂಗುಲದ ವೃತ್ತದೊಳಗೆ ಬಿದ್ದರೆ, 400 ಗಜದಲ್ಲಿ ಅವೇ ಗುಂಡುಗಳು ಇಪ್ಪತ್ತು ಅಂಗುಲದಷ್ಟು ಹರಡುತ್ತವೆ. ಆ ವೃತ್ತವು ಮರ್ಮಸ್ಥಾನಕ್ಕಿಂತ ದೊಡ್ಡದು. ಅವನ ರೈಫಲ್ 400 ಗಜಕ್ಕೆ ಸಮರ್ಥವಾದರೂ ಅವನು ಸಮರ್ಥನಲ್ಲ.

ಈ ಎರಡು ದೂರಗಳಲ್ಲಿ ಯಾವುದು ಚಿಕ್ಕದೋ ಅದೇ ಆ ಬೇಟೆಗಾರನ ನಿಜವಾದ ಮಿತಿ. ಇದೇ ನಮ್ಮ ವಿಚಾರದ ಸಾರ. ಹೆಚ್ಚಿನ ಕ್ಯಾಲಿಬರ್ ಗುಂಡಿನ ದೂರವನ್ನು ಹಿಗ್ಗಿಸುತ್ತದೆ. ಆದರೆ ಒದೆತದಿಂದ ಬೇಟೆಗಾರನ ದೂರವನ್ನು ಕುಗ್ಗಿಸಬಹುದು. ಇವೆರಡೂ ಸರಿಸುಮಾರಾಗಿ ಹೊಂದಿಕೊಳ್ಳುವ ರೈಫಲೇ ಅವನಿಗೆ ತಕ್ಕದ್ದು. .270, .308, .30-06 ಮುಂತಾದ ನಡುವಣ ತೋಟಾಗಳು ಇಂದಿಗೂ ಎಲ್ಕ್ ಬೇಟೆಯಲ್ಲಿ ಬಳಕೆಯಲ್ಲಿರುವುದರ ಗುಟ್ಟು ಇದೇ. ಅವುಗಳ ಶಕ್ತಿ ಎಲ್ಕ್‌ಗೆ ಸಾಕು. ಅವುಗಳ ಒದೆತವನ್ನು ಅಭ್ಯಾಸದಿಂದ ತಾಳಬಹುದು. ಒದೆತಕ್ಕೆ ಅಂಜದೆ ನಿರಂತರ ಅಭ್ಯಾಸ ಮಾಡುವವನಿಗೆ .300 ಅಥವಾ .338 ಸಲ್ಲುತ್ತದೆ. ಹಗುರ ರೈಫಲನ್ನು ಮಾತ್ರ ಸ್ಥಿರವಾಗಿ ಹಿಡಿಯಬಲ್ಲವನು ಅದನ್ನೇ ಹಿಡಿದು, ಗಟ್ಟಿಯಾದ ಗುಂಡನ್ನು ಆರಿಸಿ, ತನ್ನ ದೂರವನ್ನು ಕಡಿಮೆಮಾಡಿಕೊಳ್ಳುವುದು ಲೇಸು.

ಉಪಕರಣದ ಬಲದಿಂದ ಮನುಷ್ಯನ ಕೊರತೆಯನ್ನು ತುಂಬಿಕೊಳ್ಳಬಹುದೆಂಬ ಆಸೆ ಬೇಟೆಯಲ್ಲಿ ಮಾತ್ರ ಕಾಣುವಂಥದಲ್ಲ. ಆದರೆ ಬೇರೆಡೆಗಳಲ್ಲಿ ಅದರ ಬೆಲೆಯನ್ನು ತೆರುವವರು ಬಹುಮಟ್ಟಿಗೆ ನಾವೇ. ಇಲ್ಲಿ ತೆರಬೇಕಾದದ್ದು ಮಾತು ಬಾರದ ಪ್ರಾಣಿ. ಆದುದರಿಂದ ‘ಈ ರೈಫಲ್ ಎಷ್ಟು ದೂರ ಹೊಡೆಯುತ್ತದೆ?’ ಎಂಬ ಪ್ರಶ್ನೆಗಿಂತ ಮುಂಚೆ ‘ಯಾವಾಗ ನಾನು ಹೊಡೆಯಬಾರದು?’ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡಿರುವುದು ಬೇಟೆಗಾರನ ಮೊದಲ ಅರ್ಹತೆ.

ವಿದ್ಯಾರ್ಥಿಗಳಿಗೆ ಕೆಲವು ಲೆಕ್ಕಗಳು

1. .270ರ ಇನ್ನೊಂದು ಬಗೆಯ ಗುಂಡಿನ ತೂಕ 9.7 ಗ್ರಾಂ, ವೇಗ ಸೆಕೆಂಡಿಗೆ 869 ಮೀಟರು. ಅದರ ಚಲನಶಕ್ತಿ ಮತ್ತು ಸಂವೇಗವನ್ನು ಕಂಡುಹಿಡಿಯಿರಿ.

2. ಗುಂಡಿನ ವೇಗ ಸೆಕೆಂಡಿಗೆ 823 ಮೀಟರಿನಿಂದ 652 ಮೀಟರಿಗೆ ಇಳಿದರೆ ಮೊದಲಿನ ಚಲನಶಕ್ತಿಯಲ್ಲಿ ನೂರಕ್ಕೆ ಎಷ್ಟು ಪಾಲು ಉಳಿಯುತ್ತದೆ?

3. ಒಂದು ಮೀಟರು ಉದ್ದದ ರೈಫಲ್‌ನ ತುದಿ ಅರ್ಧ ಮಿಲಿಮೀಟರು ಅಲುಗಿದರೆ 200 ಗಜದಲ್ಲಿ, ಎಂದರೆ 183 ಮೀಟರಿನಲ್ಲಿ, ಗುಂಡು ಎಷ್ಟು ತಪ್ಪುತ್ತದೆ?

ಉತ್ತರಗಳು: 1. ಸುಮಾರು 3,660 ಜೂಲ್, 8.4 ಕಿಲೋಗ್ರಾಂ-ಮೀಟರು ಪ್ರತಿ ಸೆಕೆಂಡಿಗೆ. 2. ಸುಮಾರು 63. 3. ಸುಮಾರು 9 ಸೆಂಟಿಮೀಟರು.